ತಾಯಿ ಯಾರೆಂದು ಮೊದಲು ಕೇಳಿ

ಹಳ್ಳಿಖೇಡ (ಬಿ) ಎಂದ ಕೂಡಲೇ ಹಳೇ ಮೈಸೂರು ಕಡೆಯವರು, ‘ಹಳ್ಳಿಕಾರ್ ದನಗಳ ಊರೇ?’ ಎಂದು ಕೇಳಿಬಿಡುತ್ತಾರೆ. ಹೆಸರು ಹತ್ತಿರವಿದ್ದರೂ ತಳಿ ದೂರ. ಬೀದರಿನಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ ಸಿಗುವ ಈ ಊರು ದೇವಣಿ ದನಗಳ ಸೀಮೆಗೆ ಸೇರಿದ್ದು. ಈ ಸೀಮೆಯ ದನದ ಕೊಟ್ಟಿಗೆಗಳಲ್ಲಿ ಈಗೀಗ ಒಂದು ಚರ್ಚೆ ತಪ್ಪದೇ ನಡೆಯುತ್ತದೆ. ಆಕಳು ಬೆದೆಗೆ ಬಂದಿದೆ. ಅಪ್ಪ ಹೇಳುತ್ತಾನೆ, “ದೇವಣಿ ಛಂದ ಅದ ಖರೆ, ಆದ್ರ ಹಾಲು ಕಮ್ಮಿ. ಈ ಸಲ ಎಚ್ಚೆಫ್‌ದು ಇಂಜೆಕ್ಷನ್ ಮಾಡಸೋಣ.” ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಮಗಳು ಕೇಳುತ್ತಾಳೆ, “ಮಾಡಸಪ್ಪಾ. ಮುಂದ ಆ ಕರಕ್ಕ ಏನ್ ಮಾಡಸ್ತಿ?”

ಅಪ್ಪನ ಮಾತನ್ನು ತಳ್ಳಿಹಾಕುವಂತಿಲ್ಲ. ಮಗಳ ಹಾಸ್ಟೆಲ್ ಫೀ ಈ ಆಕಳ ಹಾಲಿನಿಂದಲೇ ಹುಟ್ಟಬೇಕು. ಮಗಳ ಪ್ರಶ್ನೆಯನ್ನಂತೂ ತಳ್ಳಿಹಾಕಲೇಬಾರದು. ತಳಿ ಸಂಕರದ ಗುಟ್ಟೆಲ್ಲ ಅಡಗಿರುವುದು ಅದರಲ್ಲೇ. ಈ ವಾರ ಅಪ್ಪ, ಮಗಳು ಇಬ್ಬರೂ ಜೊತೆಯಾಗಿ ಓದಲಿ ಎಂದು ಅದನ್ನೇ ಎತ್ತಿಕೊಂಡಿದ್ದೇನೆ.

ಮೊದಲು ಮನೆಯ ಆಕಳನ್ನೇ ಸರಿಯಾಗಿ ನೋಡೋಣ. ದೇವಣಿಗೆ ಆ ಹೆಸರು ಬಂದದ್ದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ದೇವಣಿ ಎಂಬ ಊರಿನಿಂದ. ಲಾತೂರ್, ನಾಂದೇಡ್, ಪರಭಣಿ, ಬೀದರ್ ಇದರ ತವರು. ಗೀರ್, ಡಾಂಗಿ ಮತ್ತು ಸ್ಥಳೀಯ ದನಗಳು ಬೆರೆತು ಈ ತಳಿ ರೂಪುಗೊಂಡಿತು ಎನ್ನುತ್ತಾರೆ. ಇದರಲ್ಲಿ ಮೂರು ಬಗೆ. ಮೈಯೆಲ್ಲ ಬಿಳಿಯಿದ್ದು ಮುಖದಲ್ಲಿ ಕಪ್ಪು ಇದ್ದರೆ ವಾನ್ನೇರಾ. ಬಿಳಿ ಮೈಯ ಕೆಳಭಾಗದಲ್ಲಿ ಮಾತ್ರ ಕಪ್ಪು ಚುಕ್ಕೆಗಳಿದ್ದರೆ ಬಾಲಂಕ್ಯಾ. ಮೈತುಂಬ ಅಡ್ಡಾದಿಡ್ಡಿ ಕಪ್ಪು ಮಚ್ಚೆಗಳಿದ್ದರೆ ಶೇವೇರಾ. ಆಕಳು ಹಾಲು ಕೊಡುತ್ತದೆ, ಎತ್ತು ಎರೆಹೊಲ ಊಳುತ್ತದೆ. ಎರಡೂ ಕೆಲಸದ ತಳಿ ಇದು.

ಬೀದರಿನ ಬೇಸಿಗೆಯಲ್ಲಿ ಪಾದರಸ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ದನದ ಮೈಯ ಸಹಜ ಶಾಖ ಸುಮಾರು 38.5 ಡಿಗ್ರಿ. ಹೊರಗಿನ ಬಿಸಿ ಅದಕ್ಕಿಂತ ಹೆಚ್ಚಾದಾಗ ಒಳಗಿನ ಶಾಖವನ್ನು ಹೊರಹಾಕುವುದೇ ದನಕ್ಕೆ ದೊಡ್ಡ ಕೆಲಸ. ದೇವಣಿಯ ಸಡಿಲ ಚರ್ಮ, ಜೋಲುವ ಗಂಗೆದೊಗಲು, ಒತ್ತಾದ ಬೆವರು ಗ್ರಂಥಿಗಳು, ಗಿಡ್ಡ ನುಣುಪು ರೋಮ ಎಲ್ಲವೂ ಇದಕ್ಕೆ ನೆರವಾಗುತ್ತವೆ. ಉಣ್ಣೆಹುಳುವಿನ ಕಾಟವನ್ನೂ ಇದು ಹೆಚ್ಚು ತಡೆಯುತ್ತದೆ. ಜೋಳದ ಕಣಿಕೆ, ತೊಗರಿ ಹೊಟ್ಟು ತಿಂದು ಬೇಸಿಗೆ ದಾಟುತ್ತದೆ. ತಂಪು ದೇಶದಲ್ಲಿ ಹುಟ್ಟಿದ ಹೋಲ್‌ಸ್ಟೀನ್ ಫ್ರೀಸಿಯನ್, ಅಂದರೆ ನಮ್ಮ ಎಚ್ಚೆಫ್, ಹಾಲಿನಲ್ಲಿ ರಾಜ. ಆದರೆ 25 ಡಿಗ್ರಿ ದಾಟಿದರೆ ಏದುಸಿರು ಬಿಡಲು ಶುರುಮಾಡುತ್ತದೆ.

ಈ ಸಮಸ್ಯೆ ನಮ್ಮದೊಂದೇ ಅಲ್ಲ. ಇದನ್ನೇ ತಿರುವಿ ಹಾಕಿದರೆ ಸ್ಕಾಟ್‌ಲೆಂಡಿನ ರೈತನ ಸಮಸ್ಯೆ. ಅಲ್ಲಿ ಬಿಸಿಲಲ್ಲ, ಚಳಿಗಾಳಿ ಮತ್ತು ಬಿಡದ ಮಳೆ. ಒಣಗಿದ, ದಟ್ಟ ಚಳಿಗಾಲದ ರೋಮವಿರುವ ದನ ಶೂನ್ಯಕ್ಕಿಂತ ಏಳೆಂಟು ಡಿಗ್ರಿ ಕೆಳಗಿನ ಚಳಿಯನ್ನೂ ಹೆಚ್ಚು ಮೇವಿಲ್ಲದೆ ತಾಳುತ್ತದೆ. ಅದೇ ರೋಮ ತೊಯ್ದರೆ 15 ಡಿಗ್ರಿಗೇ ಮೈ ಕಾಯಿಸಿಕೊಳ್ಳಲು ಹೆಚ್ಚು ಮೇವು ಬೇಕಾಗುತ್ತದೆ. ಆ ನಾಡಿನ ಹೈಲೆಂಡ್ ದನಕ್ಕೆ ಎರಡು ಪದರದ ರೋಮ. ಒಳಗೆ ಮೆತ್ತಗಿನ ಹೊದಿಕೆ, ಹೊರಗೆ ಮಳೆನೀರನ್ನು ಜಾರಿಸಿಬಿಡುವ ನೀಳ ಕೂದಲು. ಗಟ್ಟಿಮುಟ್ಟಾದ ದನವೇ ಸರಿ, ಆದರೆ ನಿಧಾನವಾಗಿ ಬೆಳೆಯುತ್ತದೆ. ಅಲ್ಲಿ ದನ ಸಾಕುವುದು ಮುಖ್ಯವಾಗಿ ಮಾಂಸಕ್ಕಾದ್ದರಿಂದ ಬೇಗ ಬೆಳೆಯುವುದೂ ಬೇಕು.

ಕ್ಯಾಡ್ಜೋ ಎಂಬ ಸಹೋದರರು 1947ರಲ್ಲಿ ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯ ಲುಯಿಂಗ್ ದ್ವೀಪಕ್ಕೆ ಬಂದರು. ಹೈಲೆಂಡ್ ಮತ್ತು ಶಾರ್ಟ್‌ಹಾರ್ನ್ ಬೆರೆತ ಮಣಕಗಳನ್ನು ಆರಿಸಿ, ಅವುಗಳ ಸಂತತಿಯಲ್ಲಿ ಗಟ್ಟಿಯಾದವನ್ನು ಮಾತ್ರ ಉಳಿಸಿಕೊಂಡು ಬಂದರು. ಹೈಲೆಂಡ್‌ನಿಂದ ಚಳಿ ತಾಳುವ ಗುಣ, ಶಾರ್ಟ್‌ಹಾರ್ನ್‌ನಿಂದ ಬೆಳವಣಿಗೆ. 1965ರಲ್ಲಿ ‘ಲುಯಿಂಗ್’ ಪ್ರತ್ಯೇಕ ತಳಿಯೆಂದು ಮನ್ನಣೆ ಪಡೆಯಿತು. ಗಮನಿಸಬೇಕಾದ ಮಾತೆಂದರೆ, ಅವರು ಹವೆಯನ್ನು ತಾಳುವ ತಳಿಯನ್ನು ಬುನಾದಿಯಾಗಿ ಇಟ್ಟುಕೊಂಡು, ಉತ್ಪನ್ನದ ಗುಣವನ್ನು ಅದಕ್ಕೆ ಸೇರಿಸಿದರು. ಒಮ್ಮೆ ಬೆರಸಿ ಕೈಬಿಡಲಿಲ್ಲ. ಹದಿನೆಂಟು ವರ್ಷ ಆರಿಸುತ್ತಲೇ ಹೋದರು.

ನಮ್ಮ ದೇವಣಿಯೊಡನೆಯೂ ಇಂಥ ಪ್ರಯತ್ನ ನಡೆದಿದೆ. ಪರಭಣಿಯ ಕೃಷಿ ವಿಶ್ವವಿದ್ಯಾಲಯದಲ್ಲಿ ಹೋಲ್‌ಸ್ಟೀನ್ ಮತ್ತು ದೇವಣಿಯ ಸಂಕರವನ್ನು ಬೆಳೆಸಿ ‘ಹೋಲ್‌ದೇವ್’ ಎಂದು ಕರೆದರು. ಆದ್ದರಿಂದ ಸಂಕರವೇ ಪಾಪ ಎಂದು ಹೇಳುವವನು ನಾನಲ್ಲ. ನೆರಳು, ನೀರು, ಹಸಿಮೇವು ಇದ್ದಲ್ಲಿ ಮೊದಲ ಪೀಳಿಗೆಯ ಮಿಶ್ರತಳಿ ಆಕಳು ದೇವಣಿಯ ಎರಡು ಪಟ್ಟಿಗೂ ಹೆಚ್ಚು ಹಾಲು ಕೊಡಬಲ್ಲದು.

ಈಗ ಮಗಳ ಪ್ರಶ್ನೆಗೆ ಬರೋಣ. ಮೆಂಡೆಲನ ಬಟಾಣಿ ಗಿಡಗಳು ನೆನಪಿವೆಯೇ? ಶುದ್ಧ ಎತ್ತರದ ಗಿಡವನ್ನು ಶುದ್ಧ ಗಿಡ್ಡ ಗಿಡದೊಡನೆ ಕೂಡಿಸಿದರೆ ಮೊದಲ ಪೀಳಿಗೆಯೆಲ್ಲ ಮಿಶ್ರ. ಆ ಮಿಶ್ರಗಳನ್ನೇ ಪರಸ್ಪರ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಅರ್ಧ ಮಾತ್ರ ಮಿಶ್ರ. ದನದಲ್ಲೂ ಲೆಕ್ಕ ಇದೇ. ಎರಡು ದೂರದ ತಳಿಗಳು ಕೂಡಿದಾಗ ಕರುವಿನಲ್ಲಿ ಕಾಣುವ ವಿಶೇಷ ಚೈತನ್ಯಕ್ಕೆ ‘ಸಂಕರ ಶಕ್ತಿ’ ಎಂದು ಹೆಸರು. ಬೆಳವಣಿಗೆ, ಗರ್ಭ ಕಟ್ಟುವಿಕೆ, ರೋಗ ತಾಳಿಕೆ ಎಲ್ಲದರಲ್ಲೂ ಅದರ ಪಾಲಿದೆ. ಮೊದಲ ಪೀಳಿಗೆಯಲ್ಲಿ ಅದು ಪೂರ್ತಿ ಇರುತ್ತದೆ. ಆಮೇಲೆ ಮೂರು ದಾರಿ.

ಮಿಶ್ರತಳಿ ಮಣಕಕ್ಕೆ ಮತ್ತೆ ಎಚ್ಚೆಫ್ ಕೊಡಿಸಿದರೆ ವಿದೇಶಿ ರಕ್ತ 50ರಿಂದ ಶೇಕಡಾ 75ಕ್ಕೆ, ಅದರ ಮಗಳಿಗೂ ಕೊಡಿಸಿದರೆ 87.5ಕ್ಕೆ ಏರುತ್ತದೆ. ಪ್ರತಿ ಮೆಟ್ಟಿಲಿಗೂ ಬಿಸಿಲು ತಾಳುವ ಶಕ್ತಿ ಇಳಿಯುತ್ತದೆ, ಔಷಧದ ಖರ್ಚು ಏರುತ್ತದೆ. ಮಿಶ್ರತಳಿ ಹೋರಿಯನ್ನೇ ಕೊಟ್ಟರೆ ರಕ್ತದ ಪಾಲು ಅರ್ಧದಲ್ಲೇ ನಿಲ್ಲುತ್ತದೆ, ಸಂಕರ ಶಕ್ತಿ ಮಾತ್ರ ಅರ್ಧಕ್ಕೆ ಇಳಿಯುತ್ತದೆ. ಮರಳಿ ದೇವಣಿ ಕೊಟ್ಟರೆ ಗಟ್ಟಿತನ ಹೆಚ್ಚುತ್ತದೆ. ಸಂಕರ ಶಕ್ತಿ ಆಗಲೂ ಅರ್ಧ, ಹಾಲೂ ಇಳಿಯುತ್ತದೆ. ಹಾಗಾದರೆ ಪೂರ್ತಿ ಶಕ್ತಿಯ ಕರು ಮತ್ತೆ ಬೇಕೆಂದರೆ? ಮತ್ತೆ ಶುದ್ಧ ದೇವಣಿ ಆಕಳೇ ಬೇಕು.

ಅಪ್ಪಂದಿರೇ, ಇಲ್ಲಿ ಒಂದು ಕ್ಷಣ ನಿಲ್ಲಿ. ಊರಿನವರೆಲ್ಲ ತಮ್ಮ ದೇವಣಿಗಳಿಗೆ ಎಚ್ಚೆಫ್ ಮಾಡಿಸಿದರೆ, ಅಥವಾ ಅವನ್ನು ಸಂತೆಯಲ್ಲಿ ಮಾರಿಬಿಟ್ಟರೆ, ಹತ್ತು ಹದಿನೈದು ವರ್ಷದಲ್ಲಿ ಶುದ್ಧ ತಾಯಿ ಎಲ್ಲಿಂದ ಬರುತ್ತದೆ? ಬಿತ್ತನೆ ಬೀಜವನ್ನೇ ಬೀಸಿ ರೊಟ್ಟಿ ಮಾಡಿ ಉಂಡ ಹಾಗೆ. ಆ ದಿನದ ರೊಟ್ಟಿ ರುಚಿಯಾಗಿಯೇ ಇರುತ್ತದೆ.

ಅದಕ್ಕೇ ನನ್ನ ಸಲಹೆ ಇಷ್ಟು. ಬಾವಿಯಲ್ಲಿ ನೀರು, ಹೊಲದಲ್ಲಿ ಹಸಿಮೇವು, ಹಾಲು ಕೊಳ್ಳುವವರು ಹತ್ತಿರದಲ್ಲಿ ಇದ್ದರೆ ಒಂದು ಆಕಳಿಗೆ ಸಂಕರ ಮಾಡಿಸಿ. ಆದರೆ ಮುಂದಿನ ಪೀಳಿಗೆಗಳಲ್ಲಿ ವಿದೇಶಿ ರಕ್ತ ಅರ್ಧದ ಆಸುಪಾಸು ದಾಟದಿರಲಿ. ಕೊಟ್ಟಿಗೆಯ ಅತಿ ಒಳ್ಳೆಯ ದೇವಣಿಗೆ ಮಾತ್ರ ಶುದ್ಧ ದೇವಣಿ ಹೋರಿಯದೇ ಬೀಜ ಕೊಡಿಸಿ. ಮಳೆ ನಂಬಿದ ಹೊಲ, ಎತ್ತಿನ ಬೇಸಾಯ ನಿಮ್ಮದಾದರೆ ದೇವಣಿಯಲ್ಲೇ ಆರಿಸಿ. ಒಂದು ಸೂಲಿಗೆ ದೇವಣಿಯ ಹಾಲು ಸರಾಸರಿ ಸುಮಾರು 870 ಕಿಲೋ ಎಂದು ದಾಖಲೆ ಹೇಳುತ್ತದೆ. ಆದರೆ ಅದೇ ದಾಖಲೆಯಲ್ಲಿ 640ರ ಆಸುಪಾಸಿನವೂ ಇವೆ, 1,200 ದಾಟಿದವೂ ಇವೆ. ಅಂದರೆ ಆರಿಸಿಕೊಳ್ಳಲು ಅವಕಾಶ ದೇವಣಿಯೊಳಗೇ ಇದೆ. ದೇವಣಿಗೆಂದೇ ಜಾನುವಾರು ಸಂಶೋಧನೆ ಮತ್ತು ಮಾಹಿತಿ ಕೇಂದ್ರವೊಂದು ಹಳ್ಳಿಖೇಡದಲ್ಲೇ ಇದೆ. ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿಬನ್ನಿ. ಪಶುವೈದ್ಯಕೀಯ ಓದಬೇಕೆಂಬ ಆಸೆ ಎಷ್ಟೋ ಮಕ್ಕಳಿಗೆ ಹುಟ್ಟುವುದು ಪುಸ್ತಕದಿಂದಲ್ಲ, ಇಂಥ ಕೊಟ್ಟಿಗೆಯಿಂದ.

ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ. ಹಳೆಯ ನೋಟ್‌ಬುಕ್ಕೊಂದರಲ್ಲಿ ಪ್ರತಿ ಆಕಳಿಗೂ ಒಂದು ಪುಟ ಇಡಿ. ತಾಯಿ ಯಾವುದು, ಇಂಜೆಕ್ಷನ್ ಮಾಡಿಸಿದ ದಿನ ಯಾವುದು, ವೀರ್ಯದ ಕಡ್ಡಿಯ ಮೇಲೆ ಅಚ್ಚಾಗಿರುವ ಹೋರಿಯ ಸಂಖ್ಯೆ ಎಷ್ಟು ಎಂದು ಬರೆಯಿರಿ. ಅಂದಿನಿಂದ ಸುಮಾರು 280 ದಿನ ಎಣಿಸಿ ಈಯುವ ದಿನವನ್ನು ಗುರುತು ಹಾಕಿ. ಈದ ಮೇಲೆ ವಾರಕ್ಕೊಂದು ದಿನ ಎರಡೂ ಹೊತ್ತಿನ ಹಾಲು ಅಳೆದು ಬರೆಯಿರಿ. ಔಷಧ, ಹಿಂಡಿಯ ಖರ್ಚನ್ನೂ ಬಿಡಬೇಡಿ. ಎರಡು ವರ್ಷ ಕಳೆದ ಮೇಲೆ ಆ ಪುಟಗಳನ್ನು ಅಪ್ಪನ ಮುಂದೆ ಇಡಿ. ಯಾವ ಆಕಳು ಮನೆ ನಡೆಸುತ್ತಿದೆ, ಯಾವುದಕ್ಕೆ ಯಾವ ಹೋರಿ ಬೇಕು ಎಂಬ ಮಾತು ಆಗ ಲೆಕ್ಕದ ಮೇಲೆ ನಡೆಯುತ್ತದೆ. “ಮುಂದ ಆ ಕರಕ್ಕ ಏನ್ ಮಾಡಸ್ತಿ?” ಎಂದು ಕೇಳಿದ ಮಗಳ ಕೈಯಲ್ಲೇ ಉತ್ತರವೂ ಇರುತ್ತದೆ.