ಕಣ್ಣಿನ ಗುಳಿಗೆಯ ಎಲ್ಲೆ

ಭೌತವಿಜ್ಞಾನದ ನಿಯಮಗಳಿಗೆ ಎಲ್ಲೆಯುಂಟು. ಹುಕ್ಕನ ನಿಯಮವು ತಂತಿಯನ್ನು ಅದರ ಸ್ಥಿತಿಸ್ಥಾಪಕ ಮಿತಿಯೊಳಗೆ ಎಳೆದಾಗ ಮಾತ್ರ ಸತ್ಯ. ಮಿತಿ ಮೀರಿದರೆ ಅದನ್ನು ನಂಬುವಂತಿಲ್ಲ. ಔಷಧಗಳ ವಿಷಯದಲ್ಲಿ ಈ ವಿವೇಕವನ್ನು ನಾವೇಕೆ ಮರೆಯುತ್ತೇವೆ? ಮುಪ್ಪಿನ ನೇತ್ರರೋಗಗಳನ್ನು ತಡೆಯುವುವೆಂದು ಮಾರಾಟವಾಗುವ ಉತ್ಕರ್ಷಣರೋಧಕ ಅಥವಾ ‘ಆಂಟಿಆಕ್ಸಿಡೆಂಟ್’ ಗುಳಿಗೆಗಳನ್ನೇ ನೋಡೋಣ.

ಅಕ್ಷಿಪಟಲದ ಮೇಲೆ ಸದಾ ಬೆಳಕು ಬೀಳುತ್ತಿರುತ್ತದೆ. ಅಲ್ಲಿ ಆಮ್ಲಜನಕದ ಬಳಕೆಯೂ ಅಧಿಕ. ಇವುಗಳ ಫಲವಾಗಿ ಹುಟ್ಟುವ ಉಗ್ರ ಅಣುಗಳು ಜೀವಕೋಶಗಳನ್ನು ಕೆಡಿಸುತ್ತವೆ. ಅವನ್ನು ತಡೆದರೆ ಕಣ್ಣು ಉಳಿಯಬೇಕಲ್ಲವೆ? ತರ್ಕವೇನೋ ಸೊಗಸಾಗಿದೆ, ಆದರೆ ತೀರ್ಪು ಹೇಳತಕ್ಕದ್ದು ಪ್ರಯೋಗ.

ಅಕ್ಷಿಪಟಲದ ನಡುಭಾಗವು ಮುಪ್ಪಿನಿಂದ ಕೆಡುವ ರೋಗವನ್ನು ಕುರಿತು ಅಮೆರಿಕದ ರಾಷ್ಟ್ರೀಯ ನೇತ್ರ ಸಂಸ್ಥೆಯು ನಡೆಸಿದ ಪರೀಕ್ಷೆಯ ಫಲ 2001ರಲ್ಲಿ ಪ್ರಕಟವಾಯಿತು. ರೋಗವು ಆಗಲೇ ಮಧ್ಯಮ ಹಂತಕ್ಕೆ ಬಂದಿದ್ದವರಲ್ಲಿ, ಅಥವಾ ಒಂದು ಕಣ್ಣಿನಲ್ಲಿ ತೀವ್ರವಾಗಿದ್ದವರಲ್ಲಿ, 5 ವರ್ಷಗಳೊಳಗೆ ಅದು ಉಲ್ಬಣಿಸಿದುದು ಹೀಗೆ: ಹುಸಿಗುಳಿಗೆ ನುಂಗಿದವರಲ್ಲಿ ನೂರಕ್ಕೆ 28 ಮಂದಿಗೆ, ಸಿ ಮತ್ತು ಇ ಜೀವಸತ್ವ, ಬೀಟಾ ಕ್ಯಾರೊಟೀನ್, ಸತು, ತಾಮ್ರಗಳನ್ನು ಸೇವಿಸಿದವರಲ್ಲಿ 20 ಮಂದಿಗೆ. ಇದು ಅಲ್ಪ ಲಾಭವಲ್ಲ. ಆದರೆ ಆರೋಗ್ಯವಂತ ಕಣ್ಣಿನಲ್ಲಿ ರೋಗ ಹುಟ್ಟುವುದನ್ನು ಗುಳಿಗೆ ತಡೆಯುವುದೆಂದು ಸಿದ್ಧವಾಗಲಿಲ್ಲ. ಕಣ್ಣಿನ ಪೊರೆಯ ಮೇಲಂತೂ ಪರಿಣಾಮವೇ ಕಾಣಲಿಲ್ಲ. ಮಧುರೆಯ ಸುತ್ತಿನ ಹಳ್ಳಿಗಳಲ್ಲಿ 798 ಜನರ ಮೇಲೆ 5 ವರ್ಷ ನಡೆದು 2006ರಲ್ಲಿ ಪ್ರಕಟವಾದ ಜೀವಸತ್ವಗಳ ಪರೀಕ್ಷೆಯೂ ಪೊರೆಯ ವಿಷಯದಲ್ಲಿ ಅದನ್ನೇ ಹೇಳಿತು.

“ಉಪಕಾರವಾಗದಿದ್ದರೆ ಬಿಡಲಿ, ಅಪಕಾರವೇನು?” ಎನ್ನುವವರುಂಟು. ಫಿನ್‌ಲೆಂಡಿನಲ್ಲಿ ಬೀಟಾ ಕ್ಯಾರೊಟೀನ್ ಸೇವಿಸಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇಕಡ 18ರಷ್ಟು ಹೆಚ್ಚಾದುದು 1994ರಲ್ಲಿ ಬೆಳಕಿಗೆ ಬಂದಿತು. ನೇತ್ರ ಸಂಸ್ಥೆಯ ಎರಡನೆಯ ಪರೀಕ್ಷೆಯ ಬಳಿಕ, 2013ರಲ್ಲಿ, ಅದರ ಬದಲಿಗೆ ಲೂಟೀನ್ ಮತ್ತು ಜಿಯಾಕ್ಸಾಂಥಿನ್ ಸೂಕ್ತವೆಂದು ಕಂಡುಬಂದಿತು. ಇನ್ನೊಂದು ಅಪಕಾರವು ನಮ್ಮ ಮನೆಗಳಲ್ಲೇ ಆಗತಕ್ಕದ್ದು: ಗುಳಿಗೆಯಿಂದ ಪೊರೆ ಕರಗೀತೆಂದು ಕಾಯುವ ವೃದ್ಧರು, ಶಸ್ತ್ರಚಿಕಿತ್ಸೆಯಿಂದ ಮರಳಿ ಬರಬಹುದಾದ ದೃಷ್ಟಿಯಿಲ್ಲದೆ ವರ್ಷಗಳನ್ನು ಕಳೆಯುತ್ತಾರೆ.

ನಾವು ಗುಳಿಗೆಯನ್ನು ಹಳಿಯುತ್ತಿಲ್ಲ. ಅದು ಯಾರಿಗೆ ಬೇಕೆಂಬುದನ್ನು ವೈದ್ಯರು ಕಣ್ಣಿನೊಳಗೆ ನೋಡಿ ಹೇಳಬೇಕೇ ಹೊರತು, ಅಂಗಡಿಯ ಡಬ್ಬಿಯ ಮೇಲಿನ ಬರಹವಲ್ಲ. ಉಳಿದವರು ಧೂಮಪಾನವನ್ನು ಬಿಟ್ಟು, ಊಟದಲ್ಲಿ ಸೊಪ್ಪುಸದೆಗೆ ಎಡೆಗೊಟ್ಟು, ಕಾಲಕಾಲಕ್ಕೆ ಕಣ್ಣು ತೋರಿಸಿಕೊಳ್ಳುವುದು ಲೇಸು.