ಶಿಕ್ಷೆಗೆ ಮೊದಲು ಬಾಯಿ ಬಿಡಿ



ಕೋರ್ಟು 'ಅಪರಾಧಿ' ಅಂದ ಕೂಡಲೇ ಎಲ್ಲಾ ಮುಗೀತು ಅಂತ ನಮ್ಮ ಜನ ತಲೆ ತಗ್ಗಿಸಿ ನಿಲ್ಲುತ್ತಾರೆ. ಮುಗಿದಿಲ್ಲ. ಸೆಷನ್ಸ್ ಕೇಸಿನಲ್ಲಿ ಶಿಕ್ಷೆ ವಿಧಿಸುವ ಮುಂಚೆ ಅಪರಾಧಿಯ ಮಾತು ಕೇಳಬೇಕು. 1973ರ ಸಂಹಿತೆಯಲ್ಲಿ ಇದು 235(2)ನೇ ಕಲಂ. 2024ರ ಜುಲೈನಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 258(2). ಹೀಗೆ ಕೇಳಲಿಲ್ಲವೆಂದೇ ಸುಪ್ರೀಂ ಕೋರ್ಟು 1976ರಲ್ಲಿ ಸಂತಾ ಸಿಂಗನ ಗಲ್ಲುಶಿಕ್ಷೆ ರದ್ದು ಮಾಡಿ, ಕೇಸನ್ನು ಕೆಳಗಿನ ಕೋರ್ಟಿಗೆ ವಾಪಸು ಕಳಿಸಿತು.

ಗಲ್ಲು, ಜೀವಾವಧಿಯ ಅಪರಾಧ ಬಿಟ್ಟು ಉಳಿದವಕ್ಕೆ, 1958ರ ಪ್ರೊಬೇಷನ್ ಕಾಯ್ದೆ ಪ್ರಕಾರ ಜೈಲಿಗೆ ಹಾಕದೆ ಬಾಂಡಿನ ಮೇಲೆ ಬಿಡಬಹುದು. ಅಂಥ ಕೇಸಲ್ಲಿ 21 ತುಂಬದ ಹುಡುಗನನ್ನು ಕಾರಣ ಬರೆಯದೆ ಜೈಲಿಗೆ ಕಳಿಸುವಂತಿಲ್ಲ. ಮೊದಲು ಪ್ರೊಬೇಷನ್ ಆಫೀಸರು ಮನೆ, ದುಡಿಮೆ, ನಡತೆ ವಿಚಾರಿಸಿ ವರದಿ ಕೊಡುತ್ತಾರೆ. ವಿಚಾರಿಸುವುದು ಯಾರನ್ನು? ಗೌಡರ ಜಗಲಿ ಮೇಲೆ ಕೂತು ಬರಕೊಂಡರೆ ಕೇರಿ ಹುಡುಗ ಪುಂಡನೇ ಆಗ್ತಾನೆ! ಅವರನ್ನು ಕೇರಿಗೆ ಕರೀರಿ.

'ತಮ್ಮ ದಯೆ ಸ್ವಾಮಿ' ಅಂತ ಕೈಕಟ್ಟಿ ನಿಲ್ಲಬೇಡಿ. ರೇಷನ್ ಕಾರ್ಡು, ಶಾಲೆ ಸರ್ಟಿಫಿಕೇಟು, ಆಸ್ಪತ್ರೆ ಚೀಟಿ, ಸಾಲದ ಕಾಗದ ಜೋಡಿಸಿಡಿ. ನಿಮ್ಮ ಕೂಲಿ ನಂಬಿ ಮನೇಲಿ ಎಷ್ಟು ಹೊಟ್ಟೆ ಇವೆ, ಹೇಳಿ. ಹಳೇ ಕೇಸಿದ್ದರೆ ಮುಚ್ಚಬೇಡಿ, ಸುಳ್ಳು ಸಿಕ್ಕಿಬೀಳುತ್ತದೆ. ನಡೆದ ಘಟನೆ ಬಗ್ಗೆ ಮಾತ್ರ ವಕೀಲರನ್ನು ಕೇಳದೆ ಏನೂ ಹೇಳಬೇಡಿ, ಮುಂದೆ ಅಪೀಲಿದೆ. ದುಡ್ಡಿಲ್ಲವೇ? ಪರಿಶಿಷ್ಟ ಜಾತಿ, ಪಂಗಡದವರಿಗೆ 1987ರ ಕಾಯ್ದೆಯಡಿ ಪುಕ್ಕಟೆ ವಕೀಲರನ್ನು ಪಡೆಯುವ ಹಕ್ಕಿದೆ. ವರದಿ ಗುಟ್ಟಿನದು, ಆದರೂ ಅದರ ಸಾರಾಂಶ ತಿಳಿಸಿ ಎಂದು ಕೋರ್ಟನ್ನು ಕೇಳಿ.

ತಪ್ಪಿಗೆ ಶಿಕ್ಷೆಯಾಗಲಿ. ಜಾತಿಗೂ ಬಡತನಕ್ಕೂ ಸೇರಿಸಿ ಒಂದು ದಿನವೂ ಹೆಚ್ಚು ಬೇಡ.