ಗೋಡೆ ಬಡಿದು ನೋಡುವವರ ಪರವಾಗಿ

ಮಾನ್ಯ ಶ್ರೀ ಪ್ರಿಯಾಂಕ್ ಖರ್ಗೆಯವರಿಗೆ,
ಮಾಹಿತಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಸಚಿವರು, ಕರ್ನಾಟಕ ಸರ್ಕಾರ



ನಾನು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿರುವ ನಿವೃತ್ತ ಕನ್ನಡ ಮೇಷ್ಟ್ರು. ನನ್ನ ಅಪ್ಪ ಇಲ್ಲಿನ ಗಣಿಯಲ್ಲಿ ನೆಲದೊಳಗೆ ದುಡಿದವರು. ನನ್ನ ಮಗಳು ಮೊನ್ನೆ ಮೊನ್ನೆಯವರೆಗೆ ಬೆಂಗಳೂರಿನಲ್ಲಿ ವಿಡಿಯೋ ಗೇಮ್ ಪರೀಕ್ಷಿಸುವ ಕೆಲಸದಲ್ಲಿದ್ದಳು. ನಿಮ್ಮ ಇಲಾಖೆ ಬೆಳೆಸಲು ಹೊರಟಿರುವ ಉದ್ಯಮದಲ್ಲಿ ಕೆಳಗಿನ ಮೆಟ್ಟಿಲ ಮೇಲೆ ನಿಂತವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂನಿಂದ ಹೊರಡುವ ರೈಲು ಚಾಂಪಿಯನ್ ನಿಲ್ದಾಣಕ್ಕೆ ಬರುವ ಹೊತ್ತಿಗೆ ಪ್ಲಾಟ್‌ಫಾರಂ ತುಂಬ ಊಟದ ಡಬ್ಬಿ ಹಿಡಿದ ಹುಡುಗ ಹುಡುಗಿಯರು ಇರುತ್ತಾರೆ. 2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ನಮ್ಮೂರಿಗೆ ಆ ರೈಲೇ ಗಣಿ. ನಿಂತೇ ನಿದ್ದೆ ತೆಗೆಯುವುದನ್ನು ಕಲಿತ ಮಕ್ಕಳು ಇವರು. ನನ್ನ ಮಗಳೂ 3 ವರ್ಷ ಹಾಗೆಯೇ ಹೋಗಿ ಬಂದಳು.

ಕೆಲಸ ಏನೆಂದು ಕೇಳಿದರೆ ಮೊದಮೊದಲು ಹೇಳುತ್ತಿರಲಿಲ್ಲ. "ಎನ್‌ಡಿಎ ಇದೆ ಅಪ್ಪ, ಗುಟ್ಟು ಬಿಟ್ಟುಕೊಡುವುದಿಲ್ಲ ಎಂಬ ಒಪ್ಪಂದ, ಆಟದ ಹೆಸರು ಹೇಳುವ ಹಾಗಿಲ್ಲ" ಎನ್ನುತ್ತಿದ್ದಳು. ಒಂದು ರಾತ್ರಿ ಊಟದ ತಟ್ಟೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಎರಡು ಬೆರಳನ್ನು ಕಾಲಿನ ಹಾಗೆ ನಡೆಸಿ ತೋರಿಸಿದಳು. ಆಟದೊಳಗಿನ ಮನುಷ್ಯನನ್ನು ಒಂದೇ ಗೋಡೆಗೆ ನಾನಾ ಕಡೆಯಿಂದ ಡಿಕ್ಕಿ ಹೊಡೆಸಬೇಕು. ಓಡಿಸಿ, ಹಿಮ್ಮುಖವಾಗಿ ನಡೆಸಿ, ಕುಕ್ಕರಗಾಲಲ್ಲಿ ಕೂರಿಸಿ, ಕೈಗೆ ಕೋವಿ ಕೊಟ್ಟು, ಕೋವಿ ಕಿತ್ತುಕೊಂಡು. ಎಲ್ಲೋ ಒಂದು ಕಡೆ ಅವನ ಭುಜ ಗೋಡೆಯೊಳಗೆ ತೂರಿಬಿಡುತ್ತದೆ. ಅದು ಬಗ್. ಯಾವ ಬಿಲ್ಡ್ (ಆಟದ ಆವೃತ್ತಿ), ಯಾವ ಜಾಗ, ಏನು ಮಾಡಿದಾಗ ಹಾಗಾಯಿತು, 10 ಸಲ ಮಾಡಿದರೆ ಎಷ್ಟು ಸಲ ಆಗುತ್ತದೆ, ಎಲ್ಲ ಬರೆದು ಕಳಿಸಬೇಕು. ಮರುದಿನ ಹೊಸ ಬಿಲ್ಡ್ ಬರುತ್ತದೆ. ಅದೇ ಗೋಡೆ, ಮತ್ತೆ ಮೊದಲಿಂದ.

ಅವಳು ಬೆರಳು ನಡೆಸುತ್ತಿದ್ದಾಗ ನನಗೆ ಅಪ್ಪ ನೆನಪಾದರು. ಸಿಡಿಮದ್ದು ಸಿಡಿದ ಮೇಲೆ ಸುರಂಗಕ್ಕೆ ಮೊದಲು ಹೋಗುವವರು ಉದ್ದನೆಯ ಕಬ್ಬಿಣದ ಸಲಾಕೆಯಿಂದ ತಲೆಯ ಮೇಲಿನ ಬಂಡೆಯನ್ನು ಬಡಿದು ನೋಡುತ್ತಿದ್ದರು. ಟಣ್ ಎಂದರೆ ಗಟ್ಟಿ. ಟೊಳ್ಳಾಗಿ ಕೇಳಿಸಿತೋ, ಸಡಿಲ. 10,000 ಅಡಿಗೂ ಆಳಕ್ಕೆ ಇಳಿದಿದ್ದ ಈ ಗಣಿಯಲ್ಲಿ ಬಂಡೆ ತಾನೇ ಸಿಡಿದು ಸತ್ತವರು ಬಹಳ ಮಂದಿ. ನನ್ನ ಮಗಳ ಜೀವಕ್ಕೆ ಅಂಥ ಅಪಾಯವಿಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಆದರೆ ಉಳಿದವರು ನೆಮ್ಮದಿಯಿಂದ ಓಡಾಡಲಿ ಎಂದು ಗೋಡೆ ಬಡಿದು ನೋಡುವುದು ಇಬ್ಬರ ಕೆಲಸವೂ ಹೌದು. ಅಪ್ಪನ ಹತ್ತಿರ ಸೇವಾ ಪುಸ್ತಕ ಇತ್ತು, ಸಂಘದ ರಸೀದಿ ಇತ್ತು, ಅನ್ಯಾಯವಾದರೆ ಯಾವ ಬಾಗಿಲು ತಟ್ಟಬೇಕು ಎಂಬುದು ಗೊತ್ತಿತ್ತು. ಮಗಳ ಹತ್ತಿರ ಇದ್ದದ್ದು ಕೊರಳಿಗೆ ಹಾಕುವ ಒಂದು ಕಾರ್ಡು.

ಅವಳ ಸಂಬಳ ಬರುತ್ತಿದ್ದದ್ದು ಗುತ್ತಿಗೆ ಕಂಪನಿಯಿಂದ, ಕೆಲಸ ಸ್ಟುಡಿಯೋದ್ದು, ಆಟ ಹೊರದೇಶದ ಪ್ರಕಾಶಕರದ್ದು. ಆಟ ಬಿಡುಗಡೆಯಾಗುವ ಮುಂಚಿನ ತಿಂಗಳುಗಳಿಗೆ ಅವರ ಭಾಷೆಯಲ್ಲಿ 'ಕ್ರಂಚ್' ಎನ್ನುತ್ತಾರೆ. ಆಗ ಕೊನೆಯ ರೈಲು ತಪ್ಪುತ್ತಿತ್ತು, ಗೆಳತಿಯ ಪಿಜಿಯಲ್ಲಿ ನೆಲದ ಮೇಲೆ ಮಲಗುತ್ತಿದ್ದಳು. ಹೆಚ್ಚುವರಿ ಗಂಟೆಗೆ ಹಣ ಕೇಳಿದಾಗ ಗುತ್ತಿಗೆಯವರು ಸ್ಟುಡಿಯೋ ಕಡೆ ಕೈ ತೋರಿಸಿದರು, ಸ್ಟುಡಿಯೋದವರು ಗುತ್ತಿಗೆಯವರ ಕಡೆ. ಕೆಲಸ ಮುಗಿದ ಸುದ್ದಿ ಬಂದದ್ದು ಮೊಬೈಲಿಗೆ, ರೈಲು ಬಂಗಾರಪೇಟೆ ದಾಟುವಾಗ. 4 ಸಾಲು. 5 ತಿಂಗಳ ನಂತರ ಆಟ ಹೊರಬಂತು. ಕೊನೆಯಲ್ಲಿ ಕೆಲಸ ಮಾಡಿದವರ ಹೆಸರುಗಳು ಉರುಳುತ್ತವಲ್ಲ, ಅದನ್ನು ಯಾರೋ ಯೂಟ್ಯೂಬಿಗೆ ಹಾಕಿದ್ದರು. ಇಬ್ಬರೂ ಕೂತು ಅರ್ಧ ಗಂಟೆಗೂ ಹೆಚ್ಚು ನೋಡಿದೆವು. ಅವಳ ಹೆಸರು ಬರಲಿಲ್ಲ. ಅವಳು ಏನೂ ಹೇಳದೆ ಎದ್ದು ಹೋಗಿ ಪಾತ್ರೆ ತೊಳೆದಳು.

ಆ ಕಂಪನಿಯ ಹೆಸರು ನನಗೆ ಬೇಡ. ಇದು ಒಂದು ಕಂಪನಿಯ ಕಥೆಯಾಗಿದ್ದರೆ ನಿಮ್ಮ ಸಮಯ ಹಾಳು ಮಾಡುತ್ತಿರಲಿಲ್ಲ. ಮೇಷ್ಟ್ರ ಅಭ್ಯಾಸ ಬಿಡದು, ಸರ್ಕಾರದ ಕಾಗದಗಳನ್ನು ತರಿಸಿ ಓದಿದೆ. ಓದಿದಾಗ ಕಂಡದ್ದು ಇದು.

ಯಜಮಾನ ಮತ್ತು ಕೆಲಸಗಾರರ ನಡುವಿನ ನಿಯಮಗಳನ್ನು, ಎಂದರೆ ಪಾಳಿ, ರಜೆ, ಶಿಸ್ತು ಕ್ರಮ, ಕೆಲಸದಿಂದ ತೆಗೆಯುವ ರೀತಿ, ಇವನ್ನೆಲ್ಲ ಬರೆದು ಎಲ್ಲರಿಗೂ ಕಾಣುವಂತೆ ಹಾಕಬೇಕು ಎಂಬ ಸ್ಥಾಯಿ ಆದೇಶಗಳ ಕಾಯ್ದೆ ಬಂದದ್ದು 1946ರಲ್ಲಿ. ಅದೇ ವರ್ಷ ನವೆಂಬರ್ 4ರಂದು ನಮ್ಮೂರಿನಲ್ಲಿ ಪೊಲೀಸರ ಗುಂಡಿಗೆ 6 ಮಂದಿ ಗಣಿ ಕಾರ್ಮಿಕರು ಸತ್ತರು. ಅವರನ್ನು ಇಂದಿಗೂ ಇಲ್ಲಿ ನೆನೆಯುತ್ತಾರೆ. ಅದಕ್ಕೂ ಹಿಂದೆ 1930ರಲ್ಲಿ, ಕಳ್ಳರ ಹಾಗೆ ಬೆರಳಚ್ಚು ಕೊಡುವುದಿಲ್ಲ ಎಂದು ಇಲ್ಲಿನ ಸಾವಿರಾರು ಮಂದಿ ಕೆಲಸ ನಿಲ್ಲಿಸಿದ್ದರು. ನಿಯಮ ಬರಹದಲ್ಲಿ ಇರಬೇಕು ಎಂಬುದು ನಮ್ಮ ಹಿರಿಯರಿಗೆ ಪುಕ್ಕಟೆಯಾಗಿ ಸಿಕ್ಕಿದ್ದಲ್ಲ.

ಆ ಕಾಯ್ದೆಯಿಂದ ಕರ್ನಾಟಕ ಸರ್ಕಾರ 2014ರಲ್ಲಿ ಐಟಿ ಉದ್ಯಮಕ್ಕೆ 5 ವರ್ಷ ವಿನಾಯಿತಿ ಕೊಟ್ಟಿತು. 2019ರಲ್ಲಿ ಮತ್ತೆ 5 ವರ್ಷ, 2024ರ ಜೂನ್‌ನಲ್ಲಿ ಮತ್ತೂ 5 ವರ್ಷ. ಅದರ ಪಟ್ಟಿಯಲ್ಲಿ ಅನಿಮೇಷನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಎಂದು ಹೆಸರು ಹಿಡಿದೇ ಬರೆದಿದೆ. ವಿನಾಯಿತಿ ಸುಮ್ಮನೆ ಕೊಟ್ಟದ್ದೂ ಅಲ್ಲ. ಲೈಂಗಿಕ ಕಿರುಕುಳ ತಡೆಯುವ ಆಂತರಿಕ ಸಮಿತಿ ಇರಬೇಕು. ಮಾಲೀಕರ ಕಡೆಯವರೂ ನೌಕರರ ಕಡೆಯವರೂ ಸಮಸಮ ಇರುವ ಕುಂದುಕೊರತೆ ಸಮಿತಿ ಇರಬೇಕು. ಯಾರನ್ನಾದರೂ ಅಮಾನತು ಮಾಡಿದರೆ, ಕೆಲಸದಿಂದ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು. ಒಳ್ಳೆಯ ಷರತ್ತುಗಳೇ. ನನ್ನ ಮಗಳಿಗೆ ಅಂಥ ಸಮಿತಿ ಇದೆ ಎಂದು 3 ವರ್ಷದಲ್ಲಿ ಒಬ್ಬರೂ ಹೇಳಲಿಲ್ಲ. ರೈಲಿನಲ್ಲಿ ಅವಳ ಜೊತೆ ಹೋಗುವ ಮಕ್ಕಳನ್ನು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಕಾಗದ ನಿಮ್ಮ ಇಲಾಖೆಯದೇ. 2024ರ ಜನವರಿಯಲ್ಲಿ ಪ್ರಕಟಿಸಿದ ಎವಿಜಿಸಿ-ಎಕ್ಸ್‌ಆರ್ ನೀತಿ (ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್, ವಿಸ್ತೃತ ವಾಸ್ತವ ಉದ್ಯಮಗಳಿಗೆ), 2024ರಿಂದ 2029ರವರೆಗಿನದು. 30,000 ಹೊಸ ಉದ್ಯೋಗ ಅದರ ಗುರಿ, ಕಂಪನಿಗಳಿಗೆ ಪ್ರೋತ್ಸಾಹಧನವೂ ಉಂಟು. 2012ರಲ್ಲಿ ದೇಶದಲ್ಲೇ ಮೊದಲು ಇಂಥ ನೀತಿ ತಂದ ರಾಜ್ಯ ನಮ್ಮದು, 1997ರಲ್ಲಿ ಧ್ರುವ ಇಂಟರ್‌ಆಕ್ಟಿವ್ ಎಂಬ ಗೇಮ್ ಸ್ಟುಡಿಯೋ ಶುರುವಾದ ಊರು ಬೆಂಗಳೂರು. ಇದರ ಬಗ್ಗೆ ನನಗೆ ಹೆಮ್ಮೆಯಿದೆ. ನನ್ನ ಸಂಕಟ ಬೇರೆ. ಒಂದು ಇಲಾಖೆಯ ಕಾಗದದಲ್ಲಿ ಗೇಮಿಂಗ್ ಎಂಬ ಪದ ಬಂದದ್ದು ದುಡ್ಡು ಕೊಡಲಿಕ್ಕೆ. ಇನ್ನೊಂದು ಇಲಾಖೆಯ ಕಾಗದದಲ್ಲಿ ಬಂದದ್ದು ಕಾನೂನಿನಿಂದ ಬಿಡಿಸಲಿಕ್ಕೆ. ಎರಡೂ ಕಾಗದಗಳು ಒಂದನ್ನೊಂದು ನೋಡಿಯೇ ಇಲ್ಲ.

ಅವನ್ನು ಒಟ್ಟಿಗೆ ಹೊಲಿಯಿರಿ ಎಂಬುದೊಂದೇ ನನ್ನ ಬೇಡಿಕೆ. ಪ್ರೋತ್ಸಾಹಧನಕ್ಕೆ ಅರ್ಜಿ ಹಾಕುವ ಸ್ಟುಡಿಯೋ ತನ್ನ ಕುಂದುಕೊರತೆ ಸಮಿತಿಯಲ್ಲಿ ಯಾರಿದ್ದಾರೆ, ಅದು ಎಷ್ಟು ಸಲ ಸೇರಿತು, ಆ ವರ್ಷ ಎಷ್ಟು ಜನರನ್ನು ತೆಗೆದ ಮಾಹಿತಿ ಕಾರ್ಮಿಕ ಇಲಾಖೆಗೆ ಹೋಯಿತು ಎಂಬ ಪುರಾವೆ ಲಗತ್ತಿಸಲಿ. ಗುತ್ತಿಗೆ ಮೇಲೆ ಬಂದವರೂ ಆ ಲೆಕ್ಕದಲ್ಲಿ ಬರಲಿ. ಆಟಕ್ಕೆ ದುಡಿದವರ ಹೆಸರು, ಬಿಡುಗಡೆಗೆ ಮುಂಚೆ ಹೊರಬಿದ್ದರೂ, ಕೊನೆಯ ಪಟ್ಟಿಯಲ್ಲಿ ಇರುತ್ತದೆ ಎಂದು ಬರೆದುಕೊಡಲಿ. ಇದಕ್ಕೆ ವಿಧಾನಸೌಧದಲ್ಲಿ ಹೊಸ ಮಸೂದೆ ಬೇಕಿಲ್ಲ, ನಿಮ್ಮ ನೀತಿಯ ಮಾರ್ಗಸೂಚಿಯಲ್ಲಿ ಒಂದು ಪುಟ ಸಾಕು.

ಈಗಲೇ ಯಾಕೆ ಎಂದರೆ, 2025ರ ನವೆಂಬರ್ 21ರಿಂದ ಕೇಂದ್ರದ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1946ರ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಸ್ಥಾಯಿ ಆದೇಶ ಇನ್ನು 300 ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಡೆಗೆ ಮಾತ್ರ. ಚಿಕ್ಕ ಸ್ಟುಡಿಯೋ, ಗುತ್ತಿಗೆಯ ಹೆಸರಲ್ಲಿ ಹಂಚಿಹೋದ ಸ್ಟುಡಿಯೋ ತಾನಾಗಿಯೇ ಹೊರಗುಳಿಯುತ್ತದೆ. ಆದರೆ ಅದೇ ಸಂಹಿತೆ 20 ಕೆಲಸಗಾರರಿದ್ದರೂ ಕುಂದುಕೊರತೆ ಸಮಿತಿ ಬೇಕೇ ಬೇಕು ಎನ್ನುತ್ತದೆ. ವಿನಾಯಿತಿ ಕೊಡುವ ಅಧಿಕಾರ ಸರ್ಕಾರದ ಕೈಯಲ್ಲಿ ಈಗಲೂ ಇದೆ. ಹಳೆಯ ವಿನಾಯಿತಿಯನ್ನು ಹೊಸ ಕಾನೂನಿಗೆ ಕಣ್ಣುಮುಚ್ಚಿ ನಕಲು ಮಾಡುವ ಮೊದಲು ಕಾರ್ಮಿಕ ಸಚಿವರ ಜೊತೆ ನೀವು ಕೂತು ಮಾತಾಡಬೇಕು. ಆ ಮೇಜಿಗೆ ಐಟಿ ನೌಕರರ ಸಂಘ ಕೆಐಟಿಯುವನ್ನೂ ಕರೆಯಿರಿ. ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾವ 2024ರಲ್ಲಿ ಬಂದಾಗ ಬೀದಿಗಿಳಿದವರು ಅವರು.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿಷಯ ಬೇರೆಯೇ. 2021ರಲ್ಲಿ ರಾಜ್ಯ ತಂದ ನಿಷೇಧವನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ತಳ್ಳಿಹಾಕಿತು, 2025ರ ಆಗಸ್ಟ್‌ನಲ್ಲಿ ಸಂಸತ್ತು ದೇಶಕ್ಕೆಲ್ಲ ನಿಷೇಧ ತಂದಿತು. ನಮ್ಮ ಗಣಿ ಕಾರ್ಮಿಕರ ಲೈನು ಮನೆಗಳಲ್ಲೂ ರಮ್ಮಿಗೆ ಸಂಬಳ ಸುರಿದು ಸಾಲದಲ್ಲಿ ಮುಳುಗಿದವರಿದ್ದಾರೆ. ನಿಷೇಧಕ್ಕೆ ನನ್ನ ತಕರಾರಿಲ್ಲ. ಆದರೆ ಅದಾದ ಕೆಲವೇ ದಿನಗಳಲ್ಲಿ ಬೆಂಗಳೂರಿನ ಗೇಮಿಂಗ್ ಕಂಪನಿ ಎಂಪಿಎಲ್ ಭಾರತದ ಸಿಬ್ಬಂದಿಯಲ್ಲಿ ಸುಮಾರು ಶೇಕಡ 60, 300ರಷ್ಟು ಜನರನ್ನು ತೆಗೆಯುತ್ತದೆ ಎಂಬ ವರದಿ ಬಂತು. ಕಂಪನಿ ತಪ್ಪು ವ್ಯಾಪಾರ ಮಾಡಿದ್ದಿರಬಹುದು, ಅಲ್ಲಿ ಚಿತ್ರ ಬರೆದವನೂ ಬಗ್ ಹುಡುಕಿದವಳೂ ಜೂಜುಕೋರರಲ್ಲ. ಒಂದು ಆದೇಶಕ್ಕೆ ಊರಿಗೆ ಊರೇ ಕೆಲಸ ಕಳೆದುಕೊಳ್ಳುವುದು ಏನು ಎಂಬುದನ್ನು ನಾವು 2001ರಲ್ಲಿ ಕಂಡಿದ್ದೇವೆ.

ಹೊರದೇಶದಲ್ಲೂ ಗುತ್ತಿಗೆಯವರಿಗಾದ ಅನ್ಯಾಯದ ವಿರುದ್ಧ ದನಿ ಎತ್ತಿದ ಪರೀಕ್ಷಕರಿದ್ದಾರೆ. ಅಮೆರಿಕದ ಗೇಮ್ ಸ್ಟುಡಿಯೋ ರೇವನ್ ಸಾಫ್ಟ್‌ವೇರ್‌ನಲ್ಲಿ ಗುತ್ತಿಗೆಯ ಗೆಳೆಯರನ್ನು ತೆಗೆದರೆಂದು 2021ರ ಡಿಸೆಂಬರ್‌ನಲ್ಲಿ ಕೆಲಸ ನಿಲ್ಲಿಸಿದರು, 2022ರ ಮೇ ತಿಂಗಳಲ್ಲಿ 19ಕ್ಕೆ 3 ಮತಗಳಿಂದ ಸಂಘ ಕಟ್ಟಿದರು. ಅವರಿಂದ ಆಟ ಕೆಟ್ಟದ್ದಿಲ್ಲ.

ಮಗಳಿಗೆ ಇನ್ನೊಂದು ಕಡೆ ಕೆಲಸ ಸಿಕ್ಕಿದೆ. ಸೋಮವಾರ ಸೇರಬೇಕು. ಸಹಿ ಹಾಕಬೇಕಾದ ಕಾಗದ ಈ ಪತ್ರದ ಪಕ್ಕದಲ್ಲೇ ಇದೆ, 14 ಪುಟ. ಗುಟ್ಟು ಬಿಟ್ಟುಕೊಟ್ಟರೆ ಏನಾಗುತ್ತದೆ ಎಂಬುದಕ್ಕೇ 3 ಪುಟ. ದೂರಿದ್ದರೆ ಯಾರ ಹತ್ತಿರ ಹೇಳಬೇಕು ಎಂದು ಮೊದಲಿಂದ ಕೊನೆಯವರೆಗೆ ಎರಡು ಸಲ ಹುಡುಕಿದೆ. ಒಂದು ಸಾಲೂ ಇಲ್ಲ.

ಇಂತಿ,
ಚಾಂಪಿಯನ್ ರೀಫ್ಸ್‌ನ ಒಬ್ಬ ಮೇಷ್ಟ್ರು